ಜಿಸಿ ಲಾಗ್‌ನ ಚಿತ್ರದಲ್ಲಿ ಕೆಳಗಿನ ಅಂಚನ್ನು ನೋಡಿ

ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಸ್ವಲ್ಪ ಕಾಲ ಓಡಿತು ಅಂದರೆ ಸಾಕು, ಯಾರಾದರೂ ಒಬ್ಬರು ಬಂದು ಹೇಳುತ್ತಾರೆ: "ಮೆಮೊರಿ 90 ಪರ್ಸೆಂಟ್ ತಿಂತಾ ಇದೆ, ರ‍್ಯಾಮ್ ಹಾಕಿಸ್ಬೇಕು." ಅವರು ನೋಡಿದ್ದು ಸರ್ವರ್‌ನ ಮಾನಿಟರ್ ತೋರಿಸಿದ ಒಂದೇ ಒಂದು ಅಂಕಿ. ಆ ಅಂಕಿ ಸುಳ್ಳೇನಲ್ಲ. ಆದರೆ ಅದರಿಂದ ತಿಳಿಯುವುದು ತೀರಾ ಕಡಿಮೆ.

ಯಾಕೆ ಅಂದರೆ, ಜಾವಾಕ್ಕೆ 2 ಜಿಬಿ ತನಕ ಬಳಸಿಕೋ ಎಂದರೆ ಅದು ನಿಧಾನಕ್ಕೆ 2 ಜಿಬಿ ತನಕ ಹರಡಿಕೊಳ್ಳುತ್ತದೆ. 4 ಕೊಟ್ಟರೆ 4ರ ಕಡೆಗೆ ಹೋಗುತ್ತದೆ. ಏನೂ ಹೇಳದಿದ್ದರೆ ಯಂತ್ರದ ಒಟ್ಟು ಮೆಮೊರಿಯ ನಾಲ್ಕನೇ ಒಂದು ಭಾಗವನ್ನು ತನ್ನ ಮಿತಿ ಎಂದು ತಾನೇ ಇಟ್ಟುಕೊಳ್ಳುತ್ತದೆ. ಹೀಗೆ ಹಿಡಿದುಕೊಂಡ ಜಾಗಕ್ಕೆ ಹೀಪ್ ಎಂದು ಹೆಸರು. ಅದರೊಳಗೆ ಈಗ ಬೇಕಾಗಿರುವುದು ಎಷ್ಟು, ಬಳಸಿ ಬಿಟ್ಟದ್ದು ಎಷ್ಟು ಅನ್ನುವುದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ಬಳಸಿ ಬಿಟ್ಟ ಜಾಗವನ್ನು ವಾಪಸ್ ಪಡೆಯುವ ಕೆಲಸ ಜಾವಾದೊಳಗಿನ ಗಾರ್ಬೇಜ್ ಕಲೆಕ್ಟರ್‌ನದ್ದು, ಚಿಕ್ಕದಾಗಿ ಜಿಸಿ. ಒಳಗಿನದು ಕಾಣಬೇಕಾದರೆ ಅದು ಬರೆದಿಡುವ ಲಾಗ್ ನೋಡಬೇಕು. ಸಾವಿರಾರು ಸಾಲಿನ ಆ ಕಡತವನ್ನು ಕೂತು ಓದುವುದು ಕಷ್ಟ. ಚಿತ್ರ ಮಾಡಿದರೆ ಐದು ನಿಮಿಷದಲ್ಲಿ ಕಥೆ ಗೊತ್ತಾಗುತ್ತದೆ.

ನಾನು ಶಿರಸಿಯಲ್ಲಿ ಕೂತು ಇಂಥ ಸರ್ವರ್‌ಗಳ ಉಪಚಾರ ಮಾಡುವವನು. ಹಾಗಾಗಿ ಉದಾಹರಣೆ ಅಡಿಕೆಯದ್ದೇ ಬರುತ್ತದೆ. ಅದಕ್ಕೆ ಮೊದಲು ಸ್ವಲ್ಪ ತಳಪಾಯ ಹಾಕಿಕೊಳ್ಳೋಣ.

ಕಸ ಯಾವುದೆಂದು ಗೊತ್ತಾಗುವುದು ಹೇಗೆ

ಪ್ರೋಗ್ರಾಂ ಓಡುವಾಗ ಒಂದೊಂದು ಕ್ಲಿಕ್‌ಗೂ ನೂರಾರು ಸಣ್ಣ ಆಬ್ಜೆಕ್ಟ್‌ಗಳು ಹುಟ್ಟುತ್ತವೆ. ರೈತರ ಹೆಸರು, ಚೀಲದ ಲೆಕ್ಕ, ದಿನಾಂಕ, ಪರದೆಗೆ ಕಳಿಸುವ ಪಠ್ಯ, ಹೀಗೆ. ಕೆಲಸ ಮುಗಿದ ಮೇಲೆ ಇವುಗಳ ಜಾಗ ವಾಪಸ್ ಬರಬೇಕು. ಸಿ ಭಾಷೆಯಲ್ಲಾದರೆ ಅದು ಬರೆಯುವವರ ಜವಾಬ್ದಾರಿ. ಮರೆತರೆ ಜಾಗ ಹೋಯಿತು, ಎರಡು ಸಲ ಬಿಟ್ಟುಕೊಟ್ಟರೆ ಪ್ರೋಗ್ರಾಮೇ ಹೋಯಿತು. ಈ ಕೆಲಸವನ್ನು ಯಂತ್ರಕ್ಕೇ ವಹಿಸುವ ದಾರಿಯನ್ನು 1959ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಕಂಡುಕೊಂಡಿದ್ದರು. ಜಾವಾ ಹಿಡಿದದ್ದೂ ಅದೇ ದಾರಿಯನ್ನು.

ನಿಯಮ ಒಂದೇ. ಈಗ ಓಡುತ್ತಿರುವ ಕೋಡ್‌ನಿಂದ ಕೊಂಡಿ ಹಿಡಿದು ಹೊರಟರೆ ಯಾವ ಆಬ್ಜೆಕ್ಟ್ ತನಕ ಹೋಗಿ ಮುಟ್ಟಬಹುದೋ ಅದು ಜೀವಂತ. ಮುಟ್ಟಲಾಗದ್ದು ಕಸ. ಇಲ್ಲಿ ಒಂದು ಸೂಕ್ಷ್ಮ ಇದೆ. ಕಲೆಕ್ಟರ್‌ಗೆ "ಇದು ಇನ್ನು ಬೇಕಾಗುತ್ತದಾ" ಎಂದು ತಿಳಿಯುವುದಿಲ್ಲ. "ಇದನ್ನು ಯಾರಾದರೂ ಹಿಡಿದಿದ್ದಾರಾ" ಎಂದು ಮಾತ್ರ ತಿಳಿಯುತ್ತದೆ. ನೀವು ಮರೆತು ಒಂದು ಪಟ್ಟಿಯಲ್ಲಿ ಹಿಡಿದಿಟ್ಟರೆ ಅದು ಕಸವಲ್ಲ. ಜಾವಾದಲ್ಲಿ ಮೆಮೊರಿ ಸೋರಿಕೆ ಎನ್ನುವುದು ಇದಕ್ಕೇ.

ಇನ್ನೊಂದು ಸಂಗತಿಯನ್ನು 1984ರಲ್ಲಿ ಡೇವಿಡ್ ಅಂಗರ್ ಬಳಸಿಕೊಂಡು ತೋರಿಸಿದರು. ಹೆಚ್ಚಿನ ಆಬ್ಜೆಕ್ಟ್‌ಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಬೇಡವಾಗುತ್ತವೆ. ಹಾಗಾಗಿ ಹೊಸವನ್ನೆಲ್ಲ ಒಂದು ಕಡೆ ಇಟ್ಟು, ಆ ಭಾಗವನ್ನಷ್ಟೇ ಪದೇಪದೇ ಶುಚಿ ಮಾಡಿದರೆ ಲಾಭ ಜಾಸ್ತಿ. ಜಾವಾದ ಹೀಪ್‌ನಲ್ಲಿ ಇದಕ್ಕೆ ಯಂಗ್ ಭಾಗ ಎನ್ನುತ್ತಾರೆ. ಕೆಲವು ಸುತ್ತು ಬದುಕಿ ಉಳಿದದ್ದು ಓಲ್ಡ್ ಭಾಗಕ್ಕೆ ಹೋಗುತ್ತದೆ. ಹೆಚ್ಚೆಂದರೆ 15 ಸುತ್ತು, ಅಷ್ಟರೊಳಗೆ ಬಡ್ತಿ ಸಿಕ್ಕೇ ಸಿಗುತ್ತದೆ.

ಯಂಗ್ ಭಾಗದ ಶುಚಿ ಅಗ್ಗದ ಕೆಲಸ. ಕಲೆಕ್ಟರ್ ಅಲ್ಲಿ ಕಸವನ್ನು ಹೆಕ್ಕುವುದಿಲ್ಲ. ಬದುಕಿರುವುದನ್ನು ಮಾತ್ರ ಬೇರೆ ಕಡೆ ನಕಲು ಮಾಡಿ, ಉಳಿದ ಇಡೀ ಜಾಗವನ್ನು ಖಾಲಿ ಎಂದು ಘೋಷಿಸುತ್ತದೆ. ಹಾಗಾಗಿ ತಗಲುವ ಸಮಯ ಕಸ ಎಷ್ಟಿದೆ ಎಂಬುದರ ಮೇಲಲ್ಲ, ಉಳಿದದ್ದು ಎಷ್ಟು ಎಂಬುದರ ಮೇಲೆ ನಿಂತಿದೆ. ಈ ಮಾತು ನೆನಪಿರಲಿ. ಚಿತ್ರ ಓದುವಾಗ ಅರ್ಧ ಗೊಂದಲ ಇದರಿಂದಲೇ ತೀರುತ್ತದೆ.

ಈ ನಕಲು ನಡೆಯುವ ಹೊತ್ತಿನಲ್ಲಿ ಪ್ರೋಗ್ರಾಂ ಪೂರ್ತಿ ನಿಂತಿರುತ್ತದೆ. ಕೆಲವು ಮಿಲಿಸೆಕೆಂಡ್ ಆದರೆ ಯಾರಿಗೂ ಗೊತ್ತಾಗದು. ಮೂರು ಸೆಕೆಂಡ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ.

ಲಾಗ್‌ನ ಒಂದು ಸಾಲು

ಜಾವಾ 8ರ ತನಕ ಜಿಸಿ ಲಾಗ್ ಪಡೆಯಲು ಹಲವು ಆಯ್ಕೆಗಳನ್ನು ಜೋಡಿಸಬೇಕಿತ್ತು, ಕಲೆಕ್ಟರ್‌ಗೊಂದು ರೀತಿಯ ಲಾಗ್ ಬರುತ್ತಿತ್ತು. 2017ರಲ್ಲಿ ಬಂದ ಜಾವಾ 9 ಎಲ್ಲಕ್ಕೂ ಒಂದೇ ವ್ಯವಸ್ಥೆ ಮಾಡಿತು. ಎಕ್ಸ್‌ಲಾಗ್ ಎಂಬ ಒಂದೇ ಆಯ್ಕೆ, ಅದಕ್ಕೆ ಜಿಸಿ ಎಂಬ ಗುರುತು ಮತ್ತು ಕಡತದ ಹೆಸರು, ಅಷ್ಟು ಕೊಟ್ಟರೆ ಆಯಿತು. 20 ಎಂಬಿಯ ಐದು ಕಡತಗಳನ್ನು ಸರದಿಯಲ್ಲಿ ತಿರುಗಿಸುವುದು ಅದರ ಡಿಫಾಲ್ಟ್, ಹಾಗಾಗಿ ಡಿಸ್ಕ್ ತುಂಬುವ ಭಯವಿಲ್ಲ. ಲಾಗ್ ಬರೆಯುವ ಖರ್ಚು ಲೆಕ್ಕಕ್ಕೇ ಬಾರದಷ್ಟು. "ತೊಂದರೆ ಬಂದಾಗ ಹಾಕಿಕೊಳ್ಳೋಣ" ಅನ್ನುವವರಿದ್ದಾರೆ. ತೊಂದರೆ ಬಂದ ಮೇಲೆ ಹಾಕಿದರೆ ಅದಕ್ಕೆ ಮೊದಲು ನಡೆದದ್ದರ ಸಾಕ್ಷಿಯೇ ಇರುವುದಿಲ್ಲ. ಮೊದಲ ದಿನದಿಂದ ಹಾಕಿಡಿ.

ಕಡತದ ಮೊದಲ ಸಾಲುಗಳಲ್ಲೇ ಯಾವ ಕಲೆಕ್ಟರ್ ಓಡುತ್ತಿದೆ ಎಂದು ಬರೆದಿರುತ್ತದೆ. ಜಾವಾ 9ರಿಂದ ಜಿ1 ಎಂಬ ಕಲೆಕ್ಟರ್ ಡಿಫಾಲ್ಟ್ ಎಂದು ಎಲ್ಲರೂ ನಂಬಿರುತ್ತಾರೆ. ಆದರೆ ಕಂಟೇನರ್‌ಗೆ ಒಂದೇ ಸಿಪಿಯು ಕೊಟ್ಟಿದ್ದರೆ ಜಾವಾ ಸದ್ದಿಲ್ಲದೆ ಸೀರಿಯಲ್ ಎಂಬ ಬೇರೆ ಕಲೆಕ್ಟರ್ ಆರಿಸಿಕೊಳ್ಳುವುದುಂಟು. ಸುಮ್ನೆ ಒಮ್ಮೆ ಕಣ್ಣು ಹಾಯಿಸಿದರೆ ಮುಂದಿನ ತಲೆನೋವು ತಪ್ಪುತ್ತದೆ.

ಆಮೇಲೆ ಬರುವುದು ಇಂಥ ಸಾಲುಗಳು. ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಹೀಗಿರುತ್ತದೆ:

[8412.310ಸೆ] ಜಿಸಿ(57) ಪಾಜ್ ಯಂಗ್ (ನಾರ್ಮಲ್) (ಜಿ1 ಇವ್ಯಾಕ್ಯುಯೇಷನ್ ಪಾಜ್) 612ಎಂ->188ಎಂ(2048ಎಂ) 14.203ಎಂಎಸ್

ಸರ್ವರ್ ಶುರುವಾಗಿ 8412 ಸೆಕೆಂಡ್ ಆದಾಗ 57ನೇ ಅಂಕೆಯ ಸಂಗ್ರಹ, ಅಂದರೆ ಕಸ ತೆಗೆಯುವ ಒಂದು ಸುತ್ತು, ನಡೆಯಿತು. ಮೊದಲು 612 ಎಂಬಿ ತುಂಬಿತ್ತು, ಆಮೇಲೆ 188 ಉಳಿಯಿತು. ಹೀಪ್‌ನ ಒಟ್ಟು ಗಾತ್ರ 2048. ಪ್ರೋಗ್ರಾಂ ನಿಂತದ್ದು 14 ಮಿಲಿಸೆಕೆಂಡ್. ಮೇಲಿನ ಮಟ್ಟ, ಕೆಳಗಿನ ಮಟ್ಟ, ನಿಂತ ಹೊತ್ತು, ಕಾರಣ. ಚಿತ್ರಕ್ಕೆ ಬೇಕಾದ್ದೆಲ್ಲ ಈ ಒಂದು ಸಾಲಿನಲ್ಲೇ ಇದೆ.

ಎರಡು ಸಾಲು ಪಕ್ಕಪಕ್ಕ ಇಟ್ಟರೆ ಇನ್ನೊಂದು ಅಂಕಿ ಪುಕ್ಕಟೆ ಸಿಗುತ್ತದೆ. ಹಿಂದಿನ ಸಂಗ್ರಹ ಮುಗಿದಾಗ 188 ಎಂಬಿ ಇತ್ತು. ಎಂಟು ಸೆಕೆಂಡ್ ಬಿಟ್ಟು ಮುಂದಿನದು ಶುರುವಾದಾಗ 612 ಆಗಿತ್ತು ಅಂದುಕೊಳ್ಳಿ. ಎಂಟು ಸೆಕೆಂಡಿನಲ್ಲಿ 424 ಎಂಬಿ ಹೊಸದಾಗಿ ಹುಟ್ಟಿದೆ, ಅಂದರೆ ಸೆಕೆಂಡಿಗೆ 53 ಎಂಬಿ. ಸಾಫ್ಟ್‌ವೇರ್ ಎಷ್ಟು ವೇಗವಾಗಿ ಮೆಮೊರಿ ಕೇಳುತ್ತಿದೆ ಎಂಬುದರ ಅಳತೆ ಇದು. ಇದನ್ನು ಲಾಗ್ ನೇರವಾಗಿ ಬರೆಯುವುದಿಲ್ಲ, ನಾವೇ ಕಳೆದು ಭಾಗಿಸಿಕೊಳ್ಳಬೇಕು.

ಗರಗಸದ ಮೇಲೆ ಗರಗಸ

ಅಡ್ಡಕ್ಕೆ ಸಮಯ, ಉದ್ದಕ್ಕೆ ಎಂಬಿ ಇಟ್ಟು ಪ್ರತಿ ಸಂಗ್ರಹದ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಗೆರೆಯಿಂದ ಜೋಡಿಸಿದರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಏರುತ್ತದೆ, ಥಟ್ಟನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಮೊದಲ ಸಲ ನೋಡಿದವರ ಕಣ್ಣು ಹಲ್ಲಿನ ತುದಿಗೇ ಹೋಗುತ್ತದೆ, ಅಲ್ವಾ? ತುದಿಯಲ್ಲಿ ವಿಶೇಷ ಏನಿಲ್ಲ. ತುದಿ ಎಲ್ಲಿರಬೇಕೆಂದು ನಿರ್ಧರಿಸುವುದು ನೀವು ಕೊಟ್ಟ ಹೀಪ್‌ನ ಗಾತ್ರ ಮತ್ತು ಕಲೆಕ್ಟರ್‌ನ ಲೆಕ್ಕಾಚಾರ. ಕಾಳಿ ನದಿ ಕಡಲು ಸೇರುವಲ್ಲಿ ಭರತದ ನೀರು ದಿನಾ ಮೇಲೇರುತ್ತದೆ, ಅದು ಸುದ್ದಿಯಲ್ಲ. ಇಳಿತದ ಹೊತ್ತಿಗೆ ಎದ್ದು ಕಾಣಬೇಕಾದ ಮರಳದಿಬ್ಬ ಕಾಣದಿದ್ದರೆ ಅದು ಸುದ್ದಿ. ಗ್ರಾಫ್‌ನಲ್ಲೂ ಹಾಗೇ, ಹಲ್ಲುಗಳ ಬುಡವನ್ನು ಜೋಡಿಸಿದ ಗೆರೆ ಎಲ್ಲಿದೆ ಎಂದು ನೋಡಬೇಕು. ನಿಮ್ಮ ಸಾಫ್ಟ್‌ವೇರ್‌ಗೆ ನಿಜವಾಗಿ ಬೇಕಾದ ಮೆಮೊರಿ ಆ ಗೆರೆಯ ಹತ್ತಿರದಲ್ಲೆಲ್ಲೋ ಇರುತ್ತದೆ.

"ಹತ್ತಿರದಲ್ಲೆಲ್ಲೋ" ಎಂದು ಬೇಕಂತಲೇ ಬರೆದೆ. ಜಿ1ರಲ್ಲಿ ಗರಗಸಗಳು ಎರಡು. ಯಂಗ್ ಸಂಗ್ರಹ ಓಲ್ಡ್ ಭಾಗದ ಕಸವನ್ನು ಮುಟ್ಟುವುದಿಲ್ಲ. ಹಾಗಾಗಿ ಸಣ್ಣ ಹಲ್ಲುಗಳ ಬುಡ ನಿಧಾನಕ್ಕೆ ಮೇಲೇರುತ್ತಾ ಹೋಗುತ್ತದೆ. ಓಲ್ಡ್ ಭಾಗ ಒಂದು ಹಂತ ದಾಟಿದಾಗ ಜಿ1 ಹಿನ್ನೆಲೆಯಲ್ಲಿ ಯಾವುದು ಜೀವಂತ ಎಂದು ಗುರುತು ಹಾಕುವ ಕೆಲಸ ಶುರು ಮಾಡುತ್ತದೆ. ಆ ಹಂತ ಶುರುವಿನಲ್ಲಿ ಹೀಪ್‌ನ ಶೇಕಡಾ 45, ಮುಂದೆ ಅನುಭವ ನೋಡಿ ಅದೇ ಹೊಂದಿಸಿಕೊಳ್ಳುತ್ತದೆ. ಗುರುತು ಮುಗಿದ ಮೇಲೆ ಮಿಕ್ಸೆಡ್ ಎಂಬ ಸಂಗ್ರಹಗಳು ಬಂದು ಓಲ್ಡ್ ಕಸವನ್ನೂ ತೆಗೆಯುತ್ತವೆ. ಆಗ ಬುಡ ದೊಡ್ಡದಾಗಿ ಕುಸಿಯುತ್ತದೆ. ಸಣ್ಣ ಹಲ್ಲುಗಳು ಸೇರಿ ಒಂದು ದೊಡ್ಡ ಹಲ್ಲು.

ಎರಡು ತಾಸಿನ ಲಾಗ್ ನೋಡಿ "ಬುಡ ಏರುತ್ತಿದೆ, ಸೋರಿಕೆ!" ಎಂದು ಕೂಗುವವರು ಹೆಚ್ಚಾಗಿ ಈ ದೊಡ್ಡ ಹಲ್ಲಿನ ಏರುಭಾಗವನ್ನು ನೋಡಿರುತ್ತಾರೆ. ದೊಡ್ಡ ಹಲ್ಲು ಎರಡು ಮೂರು ಸಲ ಕುಸಿಯುವ ತನಕ ಕಾಯಬೇಕು. ಕುಸಿದ ಮಟ್ಟಗಳನ್ನು ಒಂದಕ್ಕೊಂದು ಹೋಲಿಸಬೇಕು. ಅವೂ ಏರುತ್ತಲೇ ಇದ್ದರೆ ಆಗ ಅನುಮಾನ ಪಡಿ. ಆಗಲೂ ಅದು ತುಂಬಿಕೊಳ್ಳುತ್ತಿರುವ ಕ್ಯಾಶ್ (ಮತ್ತೆ ಬೇಕಾದೀತೆಂದು ಕೈಗೆ ಸಿಗುವಂತೆ ಇಟ್ಟುಕೊಂಡ ಮಾಹಿತಿ) ಆಗಿರಬಹುದು. ಮಿತಿ ಇರುವ ಕ್ಯಾಶ್ ಒಂದು ಕಡೆ ನಿಲ್ಲುತ್ತದೆ. ಸೋರಿಕೆ ನಿಲ್ಲುವುದಿಲ್ಲ.

ಟೆಂಡರ್ ಹೊತ್ತಿನ ಮೂರು ಸೆಕೆಂಡ್

ನಮ್ಮ ಕಡೆಯ ಒಂದು ಸೊಸೈಟಿಯಲ್ಲಿ ಅಡಿಕೆ ಮಾರಾಟಕ್ಕೆ ಒಂದು ಸಾಫ್ಟ್‌ವೇರ್ ಇದೆ. ಹೆಸರು ಬೇಡ. ಬೆಳಿಗ್ಗೆ ಲಾಟ್‌ಗಳ ನೋಂದಣಿ: ಯಾರದ್ದು, ಯಾವ ಊರು, ಅಡಿಕೆಯಲ್ಲಿ ಚಾಲಿಯೋ ರಾಶಿಯೋ ಬೆಟ್ಟೆಯೋ, ಎಷ್ಟು ಚೀಲ, ಎಷ್ಟು ತೂಕ. ಮಧ್ಯಾಹ್ನ ಟೆಂಡರ್. ವ್ಯಾಪಾರಿಗಳು ತಮ್ಮ ತಮ್ಮ ಪರದೆಯಲ್ಲಿ ಪಟ್ಟಿ ನೋಡಿ ದರ ಹಾಕುತ್ತಾರೆ. ಚಾಲಿ ಜೋರಾಗಿ ಬರುವ ಕಾಲದಲ್ಲಿ ಒಂದು ದಿನ ಅಲ್ಲಿನ ಗೆಳೆಯ ಫೋನ್ ಮಾಡಿದ. "ಭಾವಾ, ಎಂತಾ ಆತೋ ಗೊತ್ತಿಲ್ಲೆ, ಟೆಂಡರ್ ಹೊತ್ತಿಗೇ ಸ್ಕ್ರೀನ್ ನಿಂತು ಹೋಗ್ತು. ವ್ಯಾಪಾರಿಗಳು ಬೈತಾ ಇದ್ದ."

ಸಂಜೆ ಹೊತ್ತಿಗೆ ನೋಡಿದರೆ ಎಲ್ಲವೂ ಸರಿ. ಬೆಳಿಗ್ಗೆಯೂ ಸರಿ. ಸಾಫ್ಟ್‌ವೇರ್ ಬರೆದವರು ಎಂದಿನಂತೆ ರ‍್ಯಾಮ್ ಹಾಕಿಸಿ ಎಂದಿದ್ದರು. ಪುಣ್ಯಕ್ಕೆ ಜಿಸಿ ಲಾಗ್ ಇತ್ತು. ಅದನ್ನು ತರಿಸಿಕೊಂಡು ಇಡೀ ದಿನದ ಚಿತ್ರ ಮಾಡಿದೆವು. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಬೆಳಿಗ್ಗೆ ಬುಡ 300 ಎಂಬಿಯಲ್ಲಿ ಮಟ್ಟಸವಾಗಿತ್ತು. ಟೆಂಡರ್ ಶುರುವಾದಲ್ಲಿಂದ ಏರಲು ಹಿಡಿದು 1300 ದಾಟಿತ್ತು. ಹೀಪ್‌ನ ಒಟ್ಟು ಗಾತ್ರ 2048. ಏರು ಕೊನೆಗೊಳ್ಳುವ ಜಾಗದಲ್ಲಿ ಹಲ್ಲುಗಳು ಒತ್ತೊತ್ತಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲೇ ಫುಲ್ ಜಿಸಿ (ಪ್ರೋಗ್ರಾಂ ನಿಲ್ಲಿಸಿ ಇಡೀ ಹೀಪನ್ನು ಶುಚಿ ಮಾಡುವುದು) ಎಂಬ ಸಾಲುಗಳು, ಒಂದೊಂದೂ ಮೂರು ಸೆಕೆಂಡ್. ಟೆಂಡರ್ ಮುಗಿದದ್ದೇ ತಡ, ಬುಡ ವಾಪಸ್ 300ಕ್ಕೆ. ಹಾಗಾದರೆ ಸೋರಿಕೆಯಲ್ಲ. ಸೋರಿಕೆಯಾಗಿದ್ದರೆ ಕೆಳಗಿಳಿಯುತ್ತಲೇ ಇರಲಿಲ್ಲ. ಯಾರೋ ಟೆಂಡರ್ ನಡೆಯುವಷ್ಟು ಹೊತ್ತು ಏನನ್ನೋ ಹಿಡಿದುಕೊಂಡು, ಮುಗಿದ ಮೇಲೆ ಬಿಡುತ್ತಿದ್ದರು.

ಚುಕ್ಕಿಗಳಿಗೆ ಕಾರಣದ ಪ್ರಕಾರ ಬಣ್ಣ ಹಾಕಿದೆವು. ಬೆಳಿಗ್ಗೆಯದ್ದೆಲ್ಲ ಒಂದು ಬಣ್ಣ, ಮಾಮೂಲಿ ಯಂಗ್ ಸಂಗ್ರಹ. ಟೆಂಡರ್ ಹೊತ್ತಿನದ್ದು ಹೆಚ್ಚಿನವು ಇನ್ನೊಂದು ಬಣ್ಣ. ಕಾರಣದ ಜಾಗದಲ್ಲಿ ಬರೆದದ್ದು "ಜಿ1 ಹ್ಯೂಮಂಗಸ್ ಅಲೊಕೇಷನ್".

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿ1 ಹೀಪನ್ನು ಸಮಾನ ಗಾತ್ರದ ತುಂಡುಗಳಾಗಿ ಹಂಚಿಕೊಳ್ಳುತ್ತದೆ. ಒಂದೊಂದು ತುಂಡಿಗೆ ರೀಜನ್ ಎನ್ನುತ್ತಾರೆ. ಸುಮಾರು 2048 ರೀಜನ್ ಬರುವ ಹಾಗೆ ಗಾತ್ರ ಆರಿಸಿಕೊಳ್ಳುವುದು ಅದರ ಗುರಿ. 2 ಜಿಬಿ ಹೀಪ್ ಅಂದರೆ ರೀಜನ್‌ಗೆ 1 ಎಂಬಿ. ಯಾವುದಾದರೂ ಒಂದು ಆಬ್ಜೆಕ್ಟ್ ರೀಜನ್‌ನ ಅರ್ಧದಷ್ಟು ಅಥವಾ ಅದಕ್ಕಿಂತ ದೊಡ್ಡದಿದ್ದರೆ ಅದನ್ನು ಹ್ಯೂಮಂಗಸ್ ಎಂದು ಪರಿಗಣಿಸುತ್ತದೆ. ಅಂಥದ್ದು ಯಂಗ್ ಭಾಗಕ್ಕೆ ಹೋಗದೆ ನೇರ ಓಲ್ಡ್ ಕಡೆಗೆ ಹೋಗುತ್ತದೆ. ಅದಕ್ಕೆ ಇಡೀ ರೀಜನ್ ಮೀಸಲು, ಉಳಿದ ಜಾಗದಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಒಂದು ರೀಜನ್ ಸಾಲದಿದ್ದರೆ ಪಕ್ಕಪಕ್ಕದಲ್ಲೇ ಖಾಲಿ ಇರುವ ರೀಜನ್‌ಗಳು ಬೇಕು. ಸಿಗದಿದ್ದರೆ ಫುಲ್ ಜಿಸಿ.

ಇಷ್ಟು ದೊಡ್ಡ ಆಬ್ಜೆಕ್ಟ್ ಎಲ್ಲಿಂದ ಬಂತು? ಕೋಡ್ ನೋಡಿದರೆ ಸಿಕ್ಕಿತು. ದರ ಬದಲಾದಾಗೆಲ್ಲ ಇಡೀ ಲಾಟ್ ಪಟ್ಟಿಯನ್ನು ಒಂದು ಉದ್ದ ಸ್ಟ್ರಿಂಗ್ (ಅಕ್ಷರಗಳ ಸರ) ಮಾಡಿ ಪರದೆಗಳಿಗೆ ಕಳಿಸುತ್ತಿದ್ದರು. ಹಳೆಯ ಪಟ್ಟಿಯನ್ನೂ ಟೆಂಡರ್ ಮುಗಿಯುವ ತನಕ ಇಟ್ಟುಕೊಳ್ಳುತ್ತಿದ್ದರು, ತಕರಾರು ಬಂದರೆ ತೋರಿಸಬೇಕಲ್ಲ ಎಂದು. ಒಂದು ಲಾಟ್‌ಗೆ ಅಂದಾಜು 200 ಅಕ್ಷರ, 1500 ಲಾಟ್, ಒಟ್ಟು 3 ಲಕ್ಷ ಅಕ್ಷರ. ಇಂಗ್ಲಿಷ್ ಅಕ್ಷರ ಅಂದರೆ ಒಂದಕ್ಕೆ ಒಂದು ಬೈಟ್, 3 ಲಕ್ಷ ಬೈಟ್. ಅರ್ಧ ಎಂಬಿ ಅಂದರೆ 5,24,288 ಬೈಟ್. ಗೆರೆಯ ಒಳಗೇ ಇದೆ. ಹಾಗಾದರೆ ಹ್ಯೂಮಂಗಸ್ ಯಾಕೆ?

ಗೆಳೆಯನನ್ನು ಕೇಳಿದೆ, ಈಚೆಗೆ ಏನಾದರೂ ಬದಲಾಗಿದೆಯಾ ಎಂದು. "ಎಂತೂ ಇಲ್ಲೆ. ಸದಸ್ಯರ ಹೆಸರು ಕನ್ನಡದಲ್ಲಿ ಬರೋ ಹಂಗೆ ಮಾಡಿದ್ದ, ಅಷ್ಟೇಯಾ."

ಅದೇ ಕಾರಣ. ಜಾವಾ 9ರಿಂದ ಸ್ಟ್ರಿಂಗ್‌ಗಳನ್ನು ಎರಡು ರೀತಿಯಲ್ಲಿ ಇಡುತ್ತಾರೆ. ಎಲ್ಲ ಅಕ್ಷರಗಳೂ ಲ್ಯಾಟಿನ್-1 ಗುಂಪಿನವಾದರೆ (ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳು) ಅಕ್ಷರಕ್ಕೆ ಒಂದು ಬೈಟ್. ಅದರಲ್ಲಿ ಆ ಗುಂಪಿನ ಹೊರಗಿನ ಒಂದೇ ಒಂದು ಅಕ್ಷರ ಸೇರಿದರೂ ಇಡೀ ಸ್ಟ್ರಿಂಗ್ ಅಕ್ಷರಕ್ಕೆ ಎರಡು ಬೈಟ್‌ಗೆ ಹೋಗುತ್ತದೆ. ಅಂಕಿಗಳು, ಅಲ್ಪವಿರಾಮಗಳು, ಇಂಗ್ಲಿಷ್ ಹೆಸರಿನ ಅಂಕಣಗಳು, ಎಲ್ಲವೂ ದುಪ್ಪಟ್ಟು. 3 ಲಕ್ಷ ಬೈಟ್ ಇದ್ದದ್ದು 6 ಲಕ್ಷ ಆಯಿತು, ಅರ್ಧ ಎಂಬಿಯ ಗೆರೆ ದಾಟಿತು. ದಾಟಿದ ಕೂಡಲೇ ಒಂದೊಂದು ಪಟ್ಟಿಯೂ ಪೂರ್ತಿ 1 ಎಂಬಿ ರೀಜನ್ ಹಿಡಿದು ಕೂರತೊಡಗಿತು. ಮುಂಚೆ ಸಾವಿರ ಪಟ್ಟಿ ಇಟ್ಟುಕೊಂಡರೆ 300 ಎಂಬಿ ಸಾಕಿತ್ತು. ಈಗ 1000 ಎಂಬಿ. ಬೆಳಗಿನ 300ಕ್ಕೆ ಸೇರಿಸಿ ನೋಡಿ, ಚಿತ್ರದ 1300ಕ್ಕೆ ಸರಿಯಾಗಿ ಕೂರುತ್ತದೆ.

ಇದಕ್ಕೆ ಕನ್ನಡವನ್ನು ದೂರುವವರು ಸಿಕ್ಕಿದರು, ಅದನ್ನೂ ಹೇಳಿಬಿಡುತ್ತೇನೆ. ತಪ್ಪು ಕನ್ನಡದ್ದಲ್ಲ. ಒಂದು ಲಾಟ್‌ನ ದರ ಬದಲಾದರೆ 1500 ಲಾಟ್‌ಗಳ ನಕಲು ಇಟ್ಟುಕೊಳ್ಳುವ ಯೋಚನೆಯದ್ದು. ಮಿತಿಯ ಹತ್ತಿರ ನಿಂತಿದ್ದ ಕೋಡ್ ಇನ್ನೊಂದು ವರ್ಷ ಬಿಟ್ಟು ಲಾಟ್‌ಗಳು ಜಾಸ್ತಿಯಾದಾಗ ಹೇಗೂ ದಾಟುತ್ತಿತ್ತು. ಈಗ ಬದಲಾದ ಸಾಲನ್ನು ಮಾತ್ರ ಸಮಯದ ಜೊತೆ ಇಟ್ಟುಕೊಳ್ಳುತ್ತಾರೆ. ತಕರಾರಿಗೆ ಅಷ್ಟೇ ಬೇಕಾದದ್ದು.

ಇಲ್ಲಿ ಒಂದು ತಮಾಷೆ ಇದೆ. ರ‍್ಯಾಮ್ ಹಾಕಿಸಿ ಹೀಪನ್ನು 4 ಜಿಬಿ ಮಾಡಿದ್ದರೂ ತೊಂದರೆ ನಿಲ್ಲುತ್ತಿತ್ತು! ರೀಜನ್ 2 ಎಂಬಿ ಆಗುತ್ತಿತ್ತು, ಹ್ಯೂಮಂಗಸ್ ಗೆರೆ 1 ಎಂಬಿಗೆ ಏರುತ್ತಿತ್ತು, 6 ಲಕ್ಷ ಬೈಟ್‌ನ ಪಟ್ಟಿಗಳು ಮಾಮೂಲಿ ಆಬ್ಜೆಕ್ಟ್‌ಗಳಾಗುತ್ತಿದ್ದವು. "ನೋಡಿ, ಮೆಮೊರಿ ಸಾಲುತ್ತಿರಲಿಲ್ಲ" ಎಂದು ಎಲ್ಲರೂ ಒಪ್ಪಿಕೊಂಡು ಮನೆಗೆ ಹೋಗುತ್ತಿದ್ದರು. ರೀಜನ್ ಗಾತ್ರವನ್ನು ಕೈಯಾರೆ ದೊಡ್ಡದು ಮಾಡುವ ಆಯ್ಕೆಯೂ ಇದೆ, ಜಾವಾ 17ರ ತನಕ 1ರಿಂದ 32 ಎಂಬಿ, ಜಾವಾ 18ರಿಂದ 512 ಎಂಬಿ ತನಕವೂ ಕೊಡಬಹುದು. ತುರ್ತಿಗೆ ಅದು ಒಳ್ಳೆಯದೇ. ಕೋಡ್ ಸರಿಯಾಗುವ ತನಕ ನಾವೂ ಅದನ್ನೇ ಮಾಡಿದ್ದು.

ನಿಂತದ್ದಕ್ಕೆಲ್ಲ ಜಿಸಿ ಕಾರಣವಲ್ಲ

ನಿಂತ ಹೊತ್ತಿನ ಚಿತ್ರವನ್ನು ಬೇರೆಯಾಗಿಯೇ ಮಾಡಬೇಕು. ಗೆರೆ ಬೇಡ, ಚುಕ್ಕಿ ಸಾಕು. ಸರಾಸರಿ ಅಂತೂ ಬೇಡವೇ ಬೇಡ. ಸಾವಿರ ಸಲ 10 ಮಿಲಿಸೆಕೆಂಡ್ ನಿಂತು ಒಂದು ಸಲ 3 ಸೆಕೆಂಡ್ ನಿಂತರೆ ಸರಾಸರಿ 13 ಮಿಲಿಸೆಕೆಂಡ್. ಟೆಂಡರ್ ತಪ್ಪಿಸಿಕೊಂಡ ವ್ಯಾಪಾರಿಗೆ ಆ ಸರಾಸರಿ ತೋರಿಸಿ ನೋಡಿ! ಜಿ1 ತನಗೆ ತಾನೇ ಇಟ್ಟುಕೊಂಡ ಗುರಿ 200 ಮಿಲಿಸೆಕೆಂಡ್. ಅದು ಗುರಿ ಮಾತ್ರ, ಭರವಸೆಯಲ್ಲ. 200ರಲ್ಲಿ ಒಂದು ಅಡ್ಡಗೆರೆ ಎಳೆದುಕೊಂಡರೆ ಮೇಲೆ ಹಾರಿದ ಚುಕ್ಕಿಗಳು ಕಣ್ಣಿಗೆ ಹೊಡೆಯುತ್ತವೆ.

ಹಾರಿದ ಪ್ರತಿ ಚುಕ್ಕಿಗೂ ಲಾಗ್‌ನಲ್ಲಿ ಇನ್ನೊಂದು ಸಾಲು ಹುಡುಕಿ. ವಿವರವಾದ ಲಾಗ್ ಹಾಕಿದ್ದರೆ ಯೂಸರ್, ಸಿಸ್, ರಿಯಲ್ ಎಂಬ ಮೂರು ಅಂಕಿ ಇರುತ್ತವೆ. ಯೂಸರ್ ಅಂದರೆ ಜಿಸಿಯ ಥ್ರೆಡ್‌ಗಳು (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಸಿಪಿಯು ಮೇಲೆ ದುಡಿದ ಸಮಯ. ಸಿಸ್ ಅಂದರೆ ಆಪರೇಟಿಂಗ್ ಸಿಸ್ಟಂ ಒಳಗೆ ಕಳೆದದ್ದು. ರಿಯಲ್ ಅಂದರೆ ಗೋಡೆ ಗಡಿಯಾರದಲ್ಲಿ ಸರಿದದ್ದು. ನಾಲ್ಕು ಥ್ರೆಡ್‌ಗಳು ಸೇರಿ ದುಡಿದರೆ ಯೂಸರ್ ರಿಯಲ್‌ಗಿಂತ ಜಾಸ್ತಿ ಇರುವುದು ಸಹಜ. ಉಲ್ಟಾ ಆಗಿದ್ದರೆ, ಅಂದರೆ ರಿಯಲ್ 4 ಸೆಕೆಂಡ್, ಯೂಸರ್ ಮತ್ತು ಸಿಸ್ ಸೇರಿ ಅರ್ಧ ಸೆಕೆಂಡ್ ಎಂದಿದ್ದರೆ, ಜಿಸಿ ದುಡಿಯಲೇ ಇಲ್ಲ. ಏನಕ್ಕೋ ಕಾಯುತ್ತಾ ಕೂತಿತ್ತು. ಹೀಪ್‌ನ ಒಂದಷ್ಟು ಭಾಗ ಸ್ವಾಪ್‌ಗೆ, ಅಂದರೆ ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗಕ್ಕೆ, ಹೋಗಿರಬಹುದು. ಅದೇ ಯಂತ್ರದಲ್ಲಿ ಡೇಟಾಬೇಸ್ ಬ್ಯಾಕಪ್ ಓಡುತ್ತಿರಬಹುದು. ಬಾಡಿಗೆ ವರ್ಚುವಲ್ ಯಂತ್ರವಾದರೆ ಪಕ್ಕದವರು ಸಿಪಿಯು ಎಳೆದುಕೊಂಡಿರಬಹುದು. ಇಂಥ ಕಡೆ ಜಿಸಿ ಆಯ್ಕೆಗಳನ್ನು ತಿರುವುತ್ತಾ ಕೂರುವುದು ದಂಡ.

ಸ್ವಾಪ್ ಇದ್ದಾಗ ಹೀಪ್ ದೊಡ್ಡದು ಮಾಡಿದರೆ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ. 4 ಜಿಬಿ ಯಂತ್ರದಲ್ಲಿ ಡೇಟಾಬೇಸನ್ನೂ ಇಟ್ಟುಕೊಂಡು ಜಾವಾಕ್ಕೆ 3 ಜಿಬಿ ಕೊಡುವವರನ್ನು ನೋಡಿದ್ದೇನೆ. ಜಾವಾ ಹೀಪ್‌ನ ಹೊರಗೂ ಮೆಮೊರಿ ಬಳಸುತ್ತದೆ. ಒಂದೊಂದು ಥ್ರೆಡ್‌ಗೂ ಸ್ಟ್ಯಾಕ್ ಇದೆ, ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್ ಇದೆ. ಜಿಸಿ ಚಿತ್ರದಲ್ಲಿ ಹೀಪ್ ಮಟ್ಟಸವಾಗಿದ್ದು, ಆಪರೇಟಿಂಗ್ ಸಿಸ್ಟಂ ತೋರಿಸುವ ಅಂಕಿ ಮಾತ್ರ ದಿನದಿನಕ್ಕೆ ಏರುತ್ತಿದ್ದರೆ ಹುಡುಕಬೇಕಾದದ್ದು ಹೀಪ್‌ನ ಹೊರಗೆ.

ಹಾಗಾದರೆ ಹೀಪ್ ಎಷ್ಟಿರಬೇಕು? ದೊಡ್ಡ ಹಲ್ಲು ಕುಸಿದ ಮಟ್ಟವನ್ನು ತೆಗೆದುಕೊಂಡು ಅದರ ಮೂರು ನಾಲ್ಕು ಪಟ್ಟು ಕೊಟ್ಟು ಶುರು ಮಾಡುವುದು ರೂಢಿ. ಬುಡ 300 ಇದ್ದರೆ 1 ಜಿಬಿ ಆಸುಪಾಸು. ಅದಕ್ಕಿಂತ ಇಕ್ಕಟ್ಟಾದರೆ ಹಲ್ಲುಗಳು ಒತ್ತೊತ್ತಾಗುತ್ತವೆ, ಸಿಪಿಯು ಸಮಯವೆಲ್ಲ ಶುಚಿ ಮಾಡುವುದಕ್ಕೇ ಹೋಗುತ್ತದೆ. ವಿಪರೀತ ಇಕ್ಕಟ್ಟಾದರೆ ಕಲೆಕ್ಟರ್ ಕೈಚೆಲ್ಲುತ್ತದೆ. ಪ್ಯಾರಲಲ್ ಎಂಬ ಇನ್ನೊಂದು ಕಲೆಕ್ಟರ್‌ನಲ್ಲಿ ಸಮಯದ ಶೇಕಡಾ 98ಕ್ಕಿಂತ ಹೆಚ್ಚು ಜಿಸಿಗೇ ಹೋಗಿ, ಹೀಪ್‌ನ ಶೇಕಡಾ 2ರಷ್ಟೂ ಬಿಡುಗಡೆಯಾಗದಿದ್ದರೆ ಜಾವಾ ತಾನಾಗಿ ಮೆಮೊರಿ ಮುಗಿಯಿತೆಂದು ದೋಷ ಎಸೆಯುತ್ತದೆ.

ಚಿತ್ರ ಮಾಡುವುದು ಯಾವುದರಲ್ಲಿ

ಜಿಸಿವ್ಯೂವರ್ ಎಂಬ ಉಚಿತ ಸಾಧನ ಇದೆ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ. ನೋಡಲು ಹಳೇ ಕಾಲದ್ದು, ಕೆಲಸ ಮಾತ್ರ ಚೊಕ್ಕ. ಜಿಸಿಈಸಿ ಎಂಬ ತಾಣದಲ್ಲಿ ಕಡತ ಏರಿಸಿದರೆ ಚಂದದ ವರದಿ ಬರುತ್ತದೆ. ಓಡುತ್ತಿರುವಾಗಲೇ ನೋಡಬೇಕೆಂದರೆ ವಿಷುವಲ್‌ವಿಎಂ, ಜೆಡಿಕೆ ಮಿಷನ್ ಕಂಟ್ರೋಲ್ ಇವೆ. ನನಗೆ ಇಷ್ಟ ಪೈಥಾನ್. ಸಾಲಿನಿಂದ ಸಮಯ, ಮೊದಲು, ಆಮೇಲೆ, ನಿಂತ ಹೊತ್ತು, ಕಾರಣ, ಈ ಐದನ್ನು ಹೆಕ್ಕಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ಟರೆ ಒಂದು ಪುಟದ ಕೋಡ್‌ನಲ್ಲಿ ಮುಗಿಯಿತು. ಅನುಕೂಲ ಏನೆಂದರೆ ಅದೇ ಅಡ್ಡಗೆರೆಯ ಮೇಲೆ ನಿಮ್ಮ ಊರಿನ ಸಂಗತಿಗಳನ್ನೂ ಗುರುತಿಸಬಹುದು. ಟೆಂಡರ್ ಶುರು, ಟೆಂಡರ್ ಕೊನೆ, ಬಿಲ್ ಪ್ರಿಂಟ್, ಬ್ಯಾಕಪ್. ಸಿದ್ಧ ಸಾಧನಗಳಿಗೆ ಇದು ಗೊತ್ತಿರುವುದಿಲ್ಲ. ಸೊಸೈಟಿಯ ಚಿತ್ರದಲ್ಲಿ ಏರು ಶುರುವಾದ ಜಾಗ ಮತ್ತು ಟೆಂಡರ್ ಶುರುವಾದ ಹೊತ್ತು ಒಂದರ ಮೇಲೊಂದು ಕೂತದ್ದೇ ನಮಗೆ ದಾರಿ ತೋರಿಸಿದ್ದು. ಲಾಗ್‌ನಲ್ಲಿ ಸರ್ವರ್ ಶುರುವಾದಲ್ಲಿಂದ ಎಣಿಸಿದ ಸೆಕೆಂಡ್ ಜೊತೆಗೆ ಗಡಿಯಾರದ ಸಮಯವನ್ನೂ ಬರೆಸಿದ್ದರೆ ಮಾತ್ರ ಹೀಗೆ ಜೋಡಿಸಲು ಬರುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ.

ಬುಡ ಏರುತ್ತಿದೆ ಎಂದು ಜಿಸಿ ಲಾಗ್ ಹೇಳುತ್ತದೆ. ಯಾವ ಆಬ್ಜೆಕ್ಟ್ ಕಾರಣ ಎಂದು ಹೇಳುವುದಿಲ್ಲ. ಅದಕ್ಕೆ ಹೀಪ್ ಡಂಪ್ ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಂಥ ಸಾಧನದಲ್ಲಿ ನೋಡಬೇಕು. ಡಂಪ್ ಅಂದರೆ ಮೆಮೊರಿಯ ಪೂರ್ತಿ ನಕಲು. ಸದಸ್ಯರ ಹೆಸರು, ಬ್ಯಾಂಕ್ ಖಾತೆ, ಪಾಸ್‌ವರ್ಡ್, ಎಲ್ಲ ಅದರಲ್ಲಿರುತ್ತದೆ. ಜಿಸಿ ಲಾಗ್ ಕಳಿಸಿದ ಹಾಗೆ ಅದನ್ನು ವಾಟ್ಸಾಪ್‌ನಲ್ಲೋ ಯಾವುದೋ ತಾಣಕ್ಕೋ ಕಳಿಸಬೇಡಿ. ತೆಗೆಯುವ ಹೊತ್ತು ಕೂಡ ಮುಖ್ಯ. ಸೊಸೈಟಿಯಲ್ಲಿ ಸಂಜೆ ತೆಗೆದಿದ್ದರೆ ಏನೂ ಸಿಗುತ್ತಿರಲಿಲ್ಲ, ಹಿಡಿದಿದ್ದನ್ನೆಲ್ಲ ಅಷ್ಟರಲ್ಲಿ ಬಿಟ್ಟಾಗಿತ್ತು. ಯಾವಾಗ ತೆಗೆಯಬೇಕು ಎಂಬುದನ್ನೂ ಚಿತ್ರವೇ ಹೇಳುತ್ತದೆ.

ಕೋಡ್ ಬದಲಾದ ಮೇಲೆ ಸೊಸೈಟಿಯಿಂದ ಮತ್ತೆ ಲಾಗ್ ತರಿಸಿ ನೋಡಿದೆವು. ಟೆಂಡರ್ ಹೊತ್ತಿನಲ್ಲೂ ಬುಡ 300ರ ಆಚೀಚೆ ಇದೆ, ಹ್ಯೂಮಂಗಸ್ ಬಣ್ಣದ ಚುಕ್ಕಿಗಳು ಇಲ್ಲ. ರಾತ್ರಿ ಬ್ಯಾಕಪ್ ಓಡುವಾಗ ಒಂದು ಚುಕ್ಕಿ ಅರ್ಧ ಸೆಕೆಂಡಿನ ಹತ್ತಿರ ಹಾರುತ್ತದೆ. ಯೂಸರ್ ಕಡಿಮೆ, ರಿಯಲ್ ಜಾಸ್ತಿ, ಅಂದರೆ ಡಿಸ್ಕ್‌ಗೆ ಕಾದದ್ದು. ಆ ಹೊತ್ತಿನಲ್ಲಿ ಸಾಫ್ಟ್‌ವೇರ್ ಬಳಸುವವರು ಯಾರೂ ಇರುವುದಿಲ್ಲ, ಹಾಗಾಗಿ ಅದನ್ನು ಸರಿಮಾಡಲು ಹೋಗಿಲ್ಲ.